ನಾನು ಬಸ್ಸು ಹತ್ತಿಸಿದ ಮನುಷ್ಯ

ಕಳೆದ ಜುಲೈಯಲ್ಲಿ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಐವತ್ತಾರು ವರ್ಷದ ನಾನು ಒಂದು ಇಡೀ ಊರಿಗೆ ಬೆಂಕಿ ಹಚ್ಚಿದೆ. ಆಮೇಲೆ ಅಡುಗೆಮನೆಗೆ ಹೋಗಿ ಕಾಫಿ ಕುಡಿದು, ಎರಡು ಚಕ್ಕುಲಿ ತಿಂದು ಬಂದು, ಅದೇ ಊರಿಗೆ ಬೆಂಕಿ ಹಚ್ಚದ ಹಾಗೆ ಮಾಡಿದೆ. ಜನರೆಲ್ಲ ಮತ್ತೆ ಬಾವಿಕಟ್ಟೆಯ ಹತ್ತಿರ ಓಡಾಡುತ್ತಿದ್ದರು. ಯಾರ ಮುಖದಲ್ಲೂ ಮಸಿ ಇರಲಿಲ್ಲ. ನನ್ನನ್ನು ಕಂಡು ತಲೆಬಾಗಿ ವಂದಿಸಿದರು ಕೂಡ. ಬೆಂಕಿಗಿಂತ ಆ ವಂದನೆಯೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಗಾಬರಿಯಾಗಬೇಡಿ. ಇದು ಕಂಪ್ಯೂಟರಿನ ಆಟ. ನಾನು ನಾಪೋಕ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರು, ವಂಶದಿಂದ ಭಾಗಮಂಡಲದ ಪುರೋಹಿತ. ವಾರದ ದಿನಗಳಲ್ಲಿ ಕೈಯಲ್ಲಿ ಸೀಮೆಸುಣ್ಣ, ರಜೆಯಲ್ಲಿ ದರ್ಭೆ. ಆ ವಾರ ಮಳೆಗೆ ಶಾಲೆಗೂ ರಜೆ ಕೊಟ್ಟಿದ್ದರು, ಆ ಮಳೆಯಲ್ಲಿ ಸಂಗಮಕ್ಕೆ ಶ್ರಾದ್ಧ ಮಾಡಿಸಲು ಬರುವವರೂ ಇರಲಿಲ್ಲ. ಮೈಸೂರಿನಲ್ಲಿ ಓದುವ ಮಗಳು ಸುಷ್ಮಾ ಮನೆಗೆ ಬಂದಿದ್ದಳು. ನಾನು ಕಿಟಕಿಯಿಂದ ಕಿಟಕಿಗೆ ತಿರುಗುವುದನ್ನು ನೋಡಲಾರದೆ ತನ್ನ ಲ್ಯಾಪ್‌ಟಾಪ್ ನನ್ನ ಮುಂದಿಟ್ಟು, "ಅಪ್ಪ, ನೀವೂ ಒಂದು ಪಾತ್ರ ತಗೊಳ್ಳಿ" ಎಂದಳು.

ಆಟ ಮೊದಲು ನನ್ನ ಹೆಸರು ಕೇಳಿತು. ಆಮೇಲೆ ಯಾವ ಕುಲ, ಯಾವ ದೇಶ, ಯಾವ ಋತುವಿನಲ್ಲಿ ಹುಟ್ಟಿದ್ದು ಎಂದು ಕೇಳಿತು. ಮೂವತ್ತು ವರ್ಷ ಬೇರೆಯವರಿಗೆ ಸಂಕಲ್ಪ ಹೇಳಿಸಿದ ನನಗೆ ಇದು ಬಹಳ ಪರಿಚಿತವೆನಿಸಿತು. ನಕ್ಷತ್ರವೊಂದನ್ನು ಕೇಳಲಿಲ್ಲ ಎಂಬುದೇ ಸ್ವಲ್ಪ ಕೊರತೆ.

ಈ ಆಟದಲ್ಲಿ ನೀವು ಯಾರನ್ನೂ ಹೊಡೆಯಲೇಬೇಕೆಂದಿಲ್ಲ. ಊರೂರು ಸುತ್ತುತ್ತೀರಿ. ಜನ ಎದುರು ಬಂದು ಏನೋ ಕೇಳುತ್ತಾರೆ. ಕೆಳಗೆ ಮೂರು ಉತ್ತರ ಕಾಣುತ್ತವೆ, ಒಂದನ್ನು ಆರಿಸಬೇಕು. ಬಹು ಆಯ್ಕೆಯ ಪ್ರಶ್ನೆ ಎಂದರೆ ನನಗೆ ಅನ್ನ ಹಾಕಿದ ವಿದ್ಯೆ. ಎಂಥ ಪ್ರಶ್ನೆಪತ್ರಿಕೆಗೂ ಸರಿಯುತ್ತರದ ಹಾಳೆ ಮೇಷ್ಟ್ರ ಡ್ರಾಯರಿನಲ್ಲಿ ಇದ್ದೇ ಇರುತ್ತದೆ. ಸರಿಯುತ್ತರ ಎಲ್ಲಿ ನೋಡುವುದು ಎಂದು ಸುಷ್ಮಾಳನ್ನು ಕೇಳಿದೆ.

"ಸರಿಯುತ್ತರ ಅಂತ ಇಲ್ಲಪ್ಪ. ನೀವು ಏನು ಹೇಳ್ತೀರೋ ಆ ಊರು ಹಾಗಾಗುತ್ತೆ. ಇಷ್ಟ ಆಗ್ಲಿಲ್ಲ ಅಂದ್ರೆ ಸೇವ್ ಮಾಡಿದ ಕಡೆಗೆ ವಾಪಸ್ ಹೋಗಿ."

ವಾಪಸ್ ಹೋಗುವುದು! ನಮ್ಮ ವೃತ್ತಿಯಲ್ಲಿ ಇಂಥ ಸೌಕರ್ಯವಿಲ್ಲ. ಪ್ರತಿ ಪೂಜೆಯ ಕೊನೆಗೂ ಮಂತ್ರ ತಪ್ಪಿದ್ದರೆ, ಕ್ರಿಯೆ ತಪ್ಪಿದ್ದರೆ ಕ್ಷಮಿಸು ಎಂದು ಕೇಳಿಕೊಳ್ಳುತ್ತೇವೆ, ನಿಜ. ಪ್ರಾಯಶ್ಚಿತ್ತಗಳ ದೊಡ್ಡ ಪಟ್ಟಿಯೇ ಇದೆ. ಆದರೆ ಪ್ರಾಯಶ್ಚಿತ್ತ ತಪ್ಪಿಗೆ ತೇಪೆ ಹಾಕುತ್ತದೆ, ತಪ್ಪನ್ನು ಆಗದಂತೆ ಮಾಡುವುದಿಲ್ಲ. ನಮ್ಮಜ್ಜ ಒಮ್ಮೆ ಒಂದು ಆಹುತಿ ಮರೆತು ಇಡೀ ಹೋಮವನ್ನು ಎರಡನೇ ಸಲ ಮಾಡಿಸಿದ್ದರು. ಮೊದಲನೇ ಹೋಮದ ಹೊಗೆಗೆ ಕೆಂಪಾದ ಕಣ್ಣು ಎರಡನೇ ಹೋಮ ಮುಗಿದರೂ ಕೆಂಪಾಗಿಯೇ ಇತ್ತಂತೆ.

ಹೀಗೆ ಊರು ಸುಡುತ್ತ, ಸುಡದಿರುತ್ತ ಮೂರು ದಿನ ಕಳೆದೆ. ನಾಲ್ಕನೆಯ ದಿನ ಒಂದು ಹೊಳೆಯ ದಂಡೆಗೆ ಬಂದೆ. ಅಲ್ಲಿ ಒಬ್ಬ ಹೆಂಗಸು ನಿಂತಿದ್ದಳು. "ನನ್ನ ತಮ್ಮನನ್ನು ಕಂಡಿರಾ?" ಎಂದು ಕೇಳಿದಳು. ಅವಳ ತಮ್ಮ ನೀರಿನಡಿಯಲ್ಲಿ ಮಲಗಿದ್ದನ್ನು ನಾನು ಸ್ವಲ್ಪ ಹೊತ್ತಿಗೆ ಮುಂಚೆ ಸೇತುವೆಯಿಂದ ಕಂಡಿದ್ದೆ. ಮೂರು ಉತ್ತರ ಬಂದವು. ಕಂಡೆ, ಅವನು ಸತ್ತಿದ್ದಾನೆ. ಕಂಡೆ, ಅವನು ಹೊಳೆ ದಾಟಿ ಹೋದ. ಮೂರನೆಯದು ಸುಮ್ಮನಿರುವುದು. ಓದಿ ಮುಗಿಸುವ ಮೊದಲೇ ನನ್ನ ಬೆರಳು ಎರಡನೆಯದನ್ನು ಒತ್ತಿಬಿಟ್ಟಿತ್ತು.

"ಅಪ್ಪ, ಎಷ್ಟು ಸಲೀಸಾಗಿ ಸುಳ್ಳು ಹೇಳಿದ್ರಿ!" ಎಂದು ಸುಷ್ಮಾ ನಕ್ಕಳು. ಅವಳಿಗೆ ಗೊತ್ತಿಲ್ಲ, ಅದು ಅಭ್ಯಾಸವಾದ ಬೆರಳು.

ಹೇಳಿಬಿಡುತ್ತೇನೆ. ಐದಾರು ವರ್ಷದ ಹಿಂದೆ, ಮಳೆಗೆ ನಮ್ಮೂರ ಗುಡ್ಡ ಜರಿದ ವರ್ಷ, ದೇವಸ್ಥಾನದ ಹತ್ತಿರ ಹಣ್ಣುಕಾಯಿ ಅಂಗಡಿ ಇಟ್ಟುಕೊಂಡಿರುವ ಪಾರ್ವತಕ್ಕನ ತಮ್ಮ ರಮೇಶ ಕಾಣೆಯಾದ. ಮದುವೆಯಾಗದವನು, ಅಕ್ಕನ ಜೊತೆಯಲ್ಲೇ ಅಂಗಡಿ ನೋಡಿಕೊಂಡಿದ್ದ. ಹಿಂದಿನ ದಿನ ಗುಡ್ಡದ ಮೇಲಿನ ನೆಂಟರ ಮನೆಗೆ ಹೋಗಿದ್ದನೆಂದು ಕೆಲವರು ಹೇಳಿದರು. ಆ ಮನೆ ಈಗ ಇಲ್ಲ, ಅದು ಇದ್ದ ಜಾಗವೂ ಇಲ್ಲ. ಗುಡ್ಡ ಜರಿದ ಮಾರನೆಯ ದಿನ ಪಾರ್ವತಕ್ಕ ದೇವಸ್ಥಾನದ ಮೆಟ್ಟಿಲ ಮೇಲೆ ಕುಳಿತು ಹೋಗುವವರನ್ನೆಲ್ಲ ಕೇಳುತ್ತಿದ್ದರು. ನನ್ನನ್ನೂ ಕೇಳಿದರು, "ಭಟ್ರೇ, ನಮ್ಮ ರಮೇಶನನ್ನು ಕಂಡಿದ್ರಾ?"

ನಾನು ಕಂಡಿರಲಿಲ್ಲ. "ಕಂಡೆ. ನಿನ್ನೆ ಬೆಳಿಗ್ಗೆ ಮಡಿಕೇರಿ ಬಸ್ಸು ಹತ್ತಿದ" ಎಂದೆ. ಆ ಮುಖವನ್ನು ನೋಡಿ ಬೇರೆ ಏನೂ ಬಾಯಿಗೆ ಬರಲಿಲ್ಲ. "ಎಂತ ಹಾಕಿದ್ದ?" ಎಂದು ಕೇಳಿದರು. "ನೀಲಿ ಸ್ವೆಟರು" ಎಂದೆ. "ಹೌದು, ನೀಲಿಯೇ" ಎಂದು ಪಾರ್ವತಕ್ಕ ತಲೆಯಾಡಿಸಿದರು. ನಾನು ಬಾಯಿಗೆ ಬಂದ ಬಣ್ಣ ಹೇಳಿದ್ದೆ ಅಷ್ಟೆ.

ಒಂದು ಸಮಾಧಾನದ ಮಾತು ಎಂದುಕೊಂಡಿದ್ದೆ. ಅದು ಪುರೋಹಿತ ಮಾತ್ರ ಮಾಡಬಲ್ಲ ತಪ್ಪಾಗಿತ್ತು. ಗುಡ್ಡದಡಿ ಸಿಕ್ಕಿ ದೇಹ ಸಿಗದವರಿಗೆ ದರ್ಭೆಯಲ್ಲಿ ಆಕೃತಿ ಮಾಡಿ, ಅದನ್ನೇ ದಹಿಸಿ, ಸಂಗಮದಲ್ಲಿ ಉತ್ತರಕ್ರಿಯೆ ಮಾಡುತ್ತೇವೆ. ಬೇರೆ ಮನೆಯವರೆಲ್ಲ ಮಾಡಿಸಿದರು. ರಮೇಶನಿಗೆ ಮಾತ್ರ ಆಗಲಿಲ್ಲ. ಬದುಕಿರುವುದನ್ನು ಕಂಡವರಿದ್ದರೆ, ಕಾಣೆಯಾದವನೆಂದು ಹನ್ನೆರಡು ವರ್ಷ ಕಾಯಬೇಕೆಂಬುದು ನಮ್ಮಲ್ಲಿ ನಡೆದುಬಂದ ಕ್ರಮ. ಕಂಡವನು ನಾನು. ಕಾಯಬೇಕೆಂದು ವಿಧಿ ಹೇಳಬೇಕಾದವನೂ ನಾನೇ. ಕ್ರಿಯೆಯಾಗದ ಜೀವ ದಾರಿಯಲ್ಲೇ ನಿಂತಿರುತ್ತದೆ ಎಂದು ಬೇರೆಯವರಿಗೆ ಗಂಭೀರವಾಗಿ ವಿವರಿಸುತ್ತೇನೆ, ದಕ್ಷಿಣೆಯನ್ನೂ ತೆಗೆದುಕೊಳ್ಳುತ್ತೇನೆ. ಆ ಮಾತು ನಿಜವಾದರೆ, ರಮೇಶನನ್ನು ದಾರಿಯಲ್ಲಿ ನಿಲ್ಲಿಸಿದವನು ನಾನು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಾಚಿಕೆಯಾಗುತ್ತಿತ್ತು.

ಇನ್ನೂ ವಿಚಿತ್ರವಾದದ್ದೊಂದಿದೆ. ವರ್ಷಗಳು ಕಳೆದಂತೆ ನನಗೆ ಅವನು ಬಸ್ಸು ಹತ್ತಿದ್ದು ನೆನಪಾಗತೊಡಗಿತು. ಬಾಗಿಲ ಕಂಬಿ ಹಿಡಿದ ಕೈ, ಒದ್ದೆ ಚಪ್ಪಲಿ, ತಿರುಗಿ ನೋಡಿದ ಮುಖ. ಮಂಜು ಕವಿದ ಬೆಳಗುಗಳಲ್ಲಿ ನಾನು ನಾಪೋಕ್ಲಿಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ನೀಲಿ ಏನೋ ಕಂಡಂತಾಗಿ ತಿರುಗುತ್ತೇನೆ. ಯಾರೋ ಕೂಲಿಯವರು ಕುಳಿತಿರುತ್ತಾರೆ. ಒಮ್ಮೊಮ್ಮೆ ಯಾರೂ ಇರುವುದಿಲ್ಲ.

ಆಟಕ್ಕೆ ಬರುತ್ತೇನೆ. ನಾನು ಮುಂದಿನ ಊರುಗಳನ್ನು ಸುತ್ತಿ ಬಂದರೂ ಹೊಳೆಯ ಹೆಂಗಸು ಅಲ್ಲೇ ನಿಂತಿದ್ದಳು. ಕೂದಲು ನೆರೆತಿತ್ತು. ಅವಳನ್ನು ನೋಡಿ ಊರಿನ ಬೇರೆಯವರೂ ದಂಡೆಗೆ ಬಂದು, ತಮ್ಮ ತಮ್ಮವರಿಗಾಗಿ ಕಾಯುತ್ತ ಸಾಲಾಗಿ ನಿಂತಿದ್ದರು. ಗದ್ದೆಗಳಲ್ಲಿ ಯಾರೂ ಇರಲಿಲ್ಲ. ನಾನು ಹತ್ತಿರ ಹೋದೆ. ಅವಳು ಮುಖ ತಿರುಗಿಸಿ, "ಅವನು ಏನು ತೊಟ್ಟಿದ್ದ?" ಎಂದು ಕೇಳಿದಳು.

ನಾನು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಆಟ ಬರೆದವರು ಯಾವ ದೇಶದವರೋ, ಅವರಿಗೆ ಪಾರ್ವತಕ್ಕ ಗೊತ್ತಿರಲು ಸಾಧ್ಯವಿಲ್ಲ. ಕಾಣೆಯಾದವರ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ ಅದೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನವಾಗಲಿಲ್ಲ.

ಮಾರನೆಯ ದಿನ ಆಟದಲ್ಲಿ ಸೇವ್ ಮಾಡಿದ ಕಡೆಗೆ ವಾಪಸ್ ಹೋಗಿ ಅವಳಿಗೆ ನಿಜ ಹೇಳಿದೆ. ಅವಳು ಮನೆಗೆ ಹೋದಳು, ಬೆಳಗಾದಾಗ ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮತ್ತೆ ವಾಪಸ್ ಹೋಗಿ ಸುಮ್ಮನಿದ್ದೆ. ಅವಳು ಪರದೆಯೊಳಗಿನ ನನ್ನ ಪಾತ್ರವನ್ನು ಬಿಟ್ಟು, ಹೊರಗೆ ಕುರ್ಚಿಯಲ್ಲಿ ಕೂತ ನನ್ನನ್ನೇ ಬಹಳ ಹೊತ್ತು ನೋಡಿದಳು. ಹಾಗೆ ಅನ್ನಿಸಿತು. ಮೂರು ಉತ್ತರವನ್ನೂ ಕೊಟ್ಟು ನೋಡಿದವನಿಗೆ, ಮೂರನ್ನೂ ಅವಳು ನೆನಪಿಟ್ಟುಕೊಂಡಿದ್ದಾಳೆ ಎನ್ನಿಸಿದರೆ ಆಶ್ಚರ್ಯವೇನಿಲ್ಲ.

"ಯಾವುದು ಒಳ್ಳೇದು ಅಂತ ಗೊತ್ತಾಗ್ಲಿಲ್ಲ" ಎಂದೆ. ಸುಷ್ಮಾ, "ಅದಕ್ಕೇ ಅಪ್ಪ ಈ ಆಟ ಇಷ್ಟ. ಒಂದನ್ನು ಆರಿಸಿ ಅದರ ಜೊತೆ ಇರ್ಬೇಕು ಅಷ್ಟೆ" ಎಂದಳು. ಇಪ್ಪತ್ತೊಂದು ವರ್ಷದವಳು ಇದನ್ನು ಕಡ್ಲೆಪುರಿ ತಿನ್ನುತ್ತ ಹೇಳಿದಳು.

ಮಧ್ಯಾಹ್ನ ಕೊಡೆ ಹಿಡಿದು ಅಂಗಡಿಗೆ ಹೋದೆ. ಪಾರ್ವತಕ್ಕ ಕರ್ಪೂರವನ್ನು ಪೊಟ್ಟಣ ಕಟ್ಟುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ, ನಾನು ರಮೇಶನನ್ನು ಕಂಡಿರಲಿಲ್ಲ ಎಂದು. ಬೈದರೆ ಬೈಸಿಕೊಳ್ಳಲು ಸಿದ್ಧನಾಗಿದ್ದೆ.

ಪಾರ್ವತಕ್ಕ ಕಟ್ಟುತ್ತಿದ್ದ ಪೊಟ್ಟಣವನ್ನು ಮುಗಿಸಿದರು. "ನಂಗೆ ಗೊತ್ತುಂಟು ಭಟ್ರೇ. ನೀವು ಬಸ್ಸು ಹತ್ತಿದ ಅಂದ ದಿನವೇ ಮಧ್ಯಾಹ್ನ ಅವ ಫೋನ್ ಮಾಡಿದ್ದ. ಆ ಗುಡ್ಡದ ಮನೆಯಿಂದಲೇ. ಮಳೆ ಬಿಟ್ಟ ಕೂಡ್ಲೆ ಬರ್ತೇನೆ ಅಂದ."

"ಮತ್ತೆ ನೀವು ಎಲ್ಲರನ್ನೂ ಕೇಳಿದ್ದು?"

"ಒಬ್ರಾದ್ರೂ ಕಂಡೆ ಅನ್ಲಿ ಅಂತ. ನೀವು ಅಂದ್ರಿ. ಆ ಮಾತು ಇಟ್ಕೊಂಡೆ."

"ಇಷ್ಟು ವರ್ಷ ಕಾದ್ರಲ್ಲ ಪಾರ್ವತಕ್ಕ!"

"ಮೊದ್ಲೆರಡು ವರ್ಷ ಅವನನ್ನು ಕಾದೆ ಮಾರಾಯ್ರೆ. ಆಮೇಲೆ ಕಾದದ್ದು ನಿಮ್ಮನ್ನು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ನಾನೇ ಹೇಳಿದ್ರೆ ದೇವಸ್ಥಾನದ ಭಟ್ರು ಸುಳ್ಳಾಗ್ತಾರೆ ಅಲ್ವಾ, ಪಾಪ."

ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಷ್ಟು ವರ್ಷವೂ ಅವರು ನನ್ನನ್ನು ಕಾಪಾಡುತ್ತಿದ್ದರು. ಅಳು ಬಂತು. ಕೊಡೆ ಮಡಚುವ ನೆಪದಲ್ಲಿ ತಲೆ ತಗ್ಗಿಸಿದೆ. ಸ್ವೆಟರಿನ ವಿಷಯ ಕೇಳಲು ಮಾತ್ರ ಧೈರ್ಯವಾಗಲಿಲ್ಲ.

ಅಮಾವಾಸ್ಯೆಗೆ ಪಾರ್ವತಕ್ಕನ ಮಗ ವಿರಾಜಪೇಟೆಯಿಂದ ಬಂದು ಸೋದರಮಾವನ ಕ್ರಿಯೆಗೆ ಕುಳಿತ. ನಾನೇ ದರ್ಭೆ ಕಟ್ಟಿದೆ, ನಾನೇ ಮಂತ್ರ ಹೇಳಿದೆ. ಒಂದಕ್ಷರ ತಪ್ಪಲಿಲ್ಲ. ಎಲ್ಲ ಮುಗಿದು ಕೈಕಾಲು ತೊಳೆಯುವಾಗ ಪಾರ್ವತಕ್ಕ ಹತ್ತಿರ ಬಂದು ಹಗುರವಾಗಿ ಹೇಳಿದರು, "ನಮ್ಮ ರಮೇಶ ಹೋದ ಭಟ್ರೇ. ಬಸ್ಸು ಹತ್ತಿದವ ಇದ್ದಾನಲ್ಲ, ಅವನನ್ನು ಇನ್ನು ನೀವೇ ನೋಡ್ಕೊಳ್ಳಿ."

ನಾನು ಹೇಳಿ ಹುಟ್ಟಿಸಿದವನಿಗೆ ಉತ್ತರಕ್ರಿಯೆ ಮಾಡುವ ವಿಧಿ ನಮ್ಮಲ್ಲಿ ಇಲ್ಲ. ಆಮೇಲೆ ಮಳೆ ಕಡಿಮೆಯಾಯಿತು, ಶಾಲೆ ಶುರುವಾಯಿತು. ಈಗ ಬೆಳಗಿನ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಾನು ಅದರ ಮೇಲೆ ಚೀಲ ಇಡುವುದಿಲ್ಲ, ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ.