ತಳ ಕಾಣದ ಡಬ್ಬ

ಒಲೆ ನಿಂತರೆ ನನಗೆ ಗಲ್ಲಾದಲ್ಲಿ ಕೂತಲ್ಲಿಯೇ ಗೊತ್ತಾಗುತ್ತಿತ್ತು. ಅಡುಗೆಮನೆಯ ಕಡೆಯಿಂದ ಸದಾ ಬರುತ್ತಿದ್ದ ಕರಕರ ಸದ್ದು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ಬಿಳಿ ಹೊಗೆ ಬರುತ್ತಿತ್ತು, ಹೊಗೆಯ ಹಿಂದೆಯೇ ನಮ್ಮ ಅಡುಗೆ ಭಟ್ಟರ ಬೈಗುಳ. ಇಡ್ಲಿ ಅರ್ಧ ಬೆಂದು ಅಲ್ಲಿಗೇ ನಿಲ್ಲುತ್ತಿತ್ತು. ಟೋಕನ್ ಹಿಡಿದು ನಿಂತವರೆಲ್ಲ ನನ್ನ ಮುಖ ನೋಡುತ್ತಿದ್ದರು. ನನ್ನದು ಮೊದಲೇ ಸಿಡುಕು ಮೂತಿ, ಆ ಮಳೆಗಾಲದಲ್ಲಿ ಅದು ಇನ್ನಷ್ಟು ಕೆಟ್ಟಿತ್ತು.

ನಮ್ಮದು ಮದ್ರಾಸಿನ ಮೈಲಾಪೂರಿನಲ್ಲಿ ಒಂದು ಸಣ್ಣ ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಬಂದ ಅಪ್ಪ ಹಾಕಿದ್ದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಯಜಮಾನ, ಗಲ್ಲಾ ನನ್ನದು. ಅಮ್ಮ ಆಗ ದಿನಾ ಬೆಳಗ್ಗೆ ಮಹಡಿಯ ಮೇಲಿನ ಮನೆಯಿಂದ ಇಳಿದು ಬಂದು, ಒಲೆಗೆ ಕುಂಕುಮ ಹಚ್ಚಿ, ಮೊದಲ ಹಿಡಿ ಉರುವಲನ್ನು ತನ್ನ ಕೈಯಿಂದಲೇ ಹಾಕುತ್ತಿದ್ದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೀನ್ಸ್ ಸೋಸುತ್ತಾ ಕೂರುತ್ತಿದ್ದಳು. ಅಲ್ಲಿ ಕೂತವಳ ಕಣ್ಣು ತಪ್ಪಿಸಿ ಒಂದು ಕರಿಬೇವಿನ ಎಸಳೂ ಒಳಗೆ ಹೋಗುತ್ತಿರಲಿಲ್ಲ.

ಈ ಒಲೆಯನ್ನು ತಂದವರು ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಅವರದು ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ವೈಷ್ಣವ ಮನೆತನ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ಒಳ್ಳೆಯ ಆಫೀಸಿನ ಕೆಲಸ ಬಿಟ್ಟು ಹೋಟೆಲಿಗೆ ಬಂದಿದ್ದರು. ಬಂದು ವರ್ಷಗಳಾದರೂ ನಮ್ಮಲ್ಲಿ ಅವರ ಮಾತಿಗೆ ಸಿಕ್ಕಿದ್ದ ಬೆಲೆ ಅಷ್ಟಕ್ಕಷ್ಟೆ. ಕೋಯಂಬೇಡು ಮಾರುಕಟ್ಟೆಯಿಂದ ಬಂದ ತರಕಾರಿ ಚೆನ್ನಾಗಿಲ್ಲ ಎಂದರೆ ಭಟ್ಟರು "ಹೌದಮ್ಮ" ಎಂದು ತಲೆಯಾಡಿಸಿ ಅದನ್ನೇ ಹೆಚ್ಚುತ್ತಿದ್ದರು. ಗ್ಯಾಸ್ ದುಬಾರಿಯಾಗಿ ಅಣ್ಣ ತಲೆ ಕೆರೆದುಕೊಳ್ಳುತ್ತಿದ್ದಾಗ, ಪೆಲೆಟ್ ಒಲೆ ಹಾಕಿಸೋಣ ಎಂದು ಅತ್ತಿಗೆ ಹೇಳಿದರು. ಬೇರೆ ಕಡೆ ಉರಿಯುವುದನ್ನು ತಾವೇ ಹೋಗಿ ನೋಡಿ ಬಂದಿದ್ದರು. ಅಣ್ಣ ಒಪ್ಪಿದ. ಅವರ ಮಾತಿನಂತೆ ಈ ಹೋಟೆಲಿನಲ್ಲಿ ನಡೆದ ಮೊದಲ ದೊಡ್ಡ ಕೆಲಸ ಅದು.

ಒಲೆ ಹೇಗಿದೆ ಎಂದು ಹೇಳಿಬಿಡುತ್ತೇನೆ. ಪೆಲೆಟ್ ಎಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಕಡ್ಡಿಯ ತುಂಡು, ಕಿರುಬೆರಳಿಗಿಂತ ಸಣ್ಣದು. ಒಲೆಯ ಪಕ್ಕದಲ್ಲಿ ಒಂದು ದೊಡ್ಡ ತಗಡಿನ ಡಬ್ಬ. ಮೇಲಿನಿಂದ ಪೆಲೆಟ್ ಸುರಿಯುವುದು. ಡಬ್ಬದ ತಳದಲ್ಲಿ ಒಂದು ಕಬ್ಬಿಣದ ತಿರುಪು ಮೋಟರಿನಿಂದ ಮೆಲ್ಲಗೆ ತಿರುಗುತ್ತಾ, ಪೆಲೆಟ್‌ಗಳನ್ನು ಸ್ವಲ್ಪಸ್ವಲ್ಪವೇ ಬೆಂಕಿಗೆ ನೂಕುತ್ತದೆ. ಆ ಕರಕರ ಸದ್ದು ಅದರದ್ದೇ. ಫ್ಯಾನು ಗಾಳಿ ಊದುತ್ತದೆ. ತಿರುಪಿಗೆ ತುತ್ತು ಸಿಗದಿದ್ದರೆ ಬೆಂಕಿಗೆ ಉಪವಾಸ, ಅಷ್ಟೆ.

ಮೊದಲ ದಿನ ಅಮ್ಮ ಡಬ್ಬದೊಳಗೆ ಬಗ್ಗಿ ನೋಡಿ, "ಇದು ಬೆಂಕಿಯ ಅಕ್ಕಿ ಡಬ್ಬ ಅಲ್ವಾ. ಹಾಗಾದ್ರೆ ತಳ ಕಾಣಬಾರದು, ಆಯ್ತಾ. ಅರ್ಧ ಆದ ಕೂಡಲೇ ತುಂಬ್ಸಿ" ಎಂದಳು. ನಮ್ಮ ಮನೆಯಲ್ಲಿ ಅಕ್ಕಿಯ ಡಬ್ಬವನ್ನು ಬರಿದು ಮಾಡುವುದಿಲ್ಲ. ಹಳೆಯದರ ಮೇಲೆಯೇ ಹೊಸದು ಬೀಳಬೇಕು. ಅಕ್ಕಿ ಇಲ್ಲ ಎಂಬ ಮಾತು ಬಾಯಲ್ಲಿ ಬಂದರೂ ಅಮ್ಮ ಗದರುತ್ತಾಳೆ. ಬೇಸಗೆಯಲ್ಲಿ ಒಲೆ ಹೊಸ ಅಳಿಯನ ಹಾಗೆ ಮರ್ಯಾದೆಯಿಂದ ನಡೆದುಕೊಂಡಿತು. ಅಣ್ಣ ಬಂದವರಿಗೆಲ್ಲ ಒಳಗೆ ಕರೆದು ತೋರಿಸುತ್ತಿದ್ದ.

ದೀಪಾವಳಿಯ ಹೊತ್ತಿಗೆ, ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿದದ್ದೇ ತಡ, ರೋಗ ಶುರುವಾಯಿತು. ಮೊದಲು ಬಂದದ್ದು ಸಣ್ಣ ರೋಗ. ಡಬ್ಬ ತುಂಬಿದ್ದರೂ ಬೆಂಕಿ ಕುಗ್ಗುತ್ತಿತ್ತು. ನೋಡಿದರೆ ಪೆಲೆಟ್‌ಗಳು ಒಂದಕ್ಕೊಂದು ತೆಕ್ಕೆ ಬಿದ್ದು ಮೇಲೆ ಕಮಾನು ಕಟ್ಟಿಕೊಂಡಿರುತ್ತಿದ್ದವು, ಕಮಾನಿನ ಕೆಳಗೆ ಖಾಲಿ. ಭಟ್ಟರು ಸೌಟಿನಿಂದ ಡಬ್ಬಕ್ಕೆ ನಾಲ್ಕು ಬಾರಿಸಿದರೆ ಧೊಪ್ಪೆಂದು ಕುಸಿದು ಸರಿಯಾಗುತ್ತಿತ್ತು. ಬಾರಿಸುವುದರಲ್ಲಿ ಭಟ್ಟರಿಗೆ ಖುಷಿಯೂ ಇತ್ತೆಂದು ನನ್ನ ಗುಮಾನಿ. ಆಮೇಲೆ ದೊಡ್ಡ ರೋಗ ಬಂತು. ತಿರುಪು ಗುಂಯ್ ಎಂದು ಮುಲುಗಿ ನಿಂತೇಬಿಡುತ್ತಿತ್ತು. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ, ಒಳಗೆ ಗಟ್ಟಿಯಾದ ಪುಡಿಯನ್ನು ಚಮಚದಿಂದ ಕೆರೆದು ತೆಗೆಯಬೇಕು. ಅಷ್ಟರಲ್ಲಿ ಅರ್ಧ ಗಿರಾಕಿ ಎದುರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿರುತ್ತಿದ್ದರು.

ಒಲೆ ಮಾರಿದವನಿಗೆ ಫೋನ್ ಮಾಡಿದರೆ ಅವನದು ಒಂದೇ ಮಂತ್ರ, "ಪೆಲೆಟ್ ಈರಂ ಸಾರ್." ಈರಂ ಎಂದರೆ ತೇವ. ಪೆಲೆಟ್ ತಂದುಕೊಡುವವನು ತಪ್ಪನ್ನು ಮೋಟರಿನ ಮೇಲೆ ಹಾಕುತ್ತಿದ್ದ. ಭಟ್ಟರು ಗ್ರಹಚಾರದ ಮೇಲೆ ಹಾಕುತ್ತಿದ್ದರು. ಅತ್ತಿಗೆ ಮಾತ್ರ ಯಾರ ಮೇಲೂ ಹಾಕದೆ ಒಂದೊಂದಾಗಿ ನೋಡುತ್ತಾ ಹೋದರು. ಬೆಂಕಿಯ ಬಟ್ಟಲಿನ ಬೂದಿಯನ್ನು ದಿನಾ ತೆಗೆಸಿದರು. ಫ್ಯಾನಿನ ರೆಕ್ಕೆ ಒರೆಸಿದರು. ಪಾತ್ರೆ ತೊಳೆಯುವ ಗೋಡೆಗೆ ಒರಗಿಸಿದ್ದ ಮೂಟೆಗಳನ್ನು ಅಲ್ಲಿಂದ ಎಬ್ಬಿಸಿ, ಹಲಗೆಯ ಮೇಲೆ ಇಡಿಸಿದರು. ಪ್ರತಿ ಮೂಟೆಯಿಂದ ಒಂದು ಪೆಲೆಟ್ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಟಕ್ ಎಂದು ಮುರಿದರೆ ಒಣಗಿದೆ, ಮೆತ್ತಗೆ ಮುರಿದರೆ ತೇವ. ಎಲ್ಲವೂ ಟಕ್ ಎನ್ನುತ್ತಿದ್ದವು. ಒಲೆ ಮಾತ್ರ ನಿಲ್ಲುತ್ತಲೇ ಇತ್ತು.

ಒಂದು ಭಾನುವಾರ ಬೆಳಗ್ಗೆ, ಹೋಟೆಲು ಗಿಜಿಗುಡುತ್ತಿರುವಾಗ, ಅದು ಮತ್ತೆ ನಿಂತಿತು. ಅಣ್ಣ ಎಲ್ಲರೆದುರೇ ಕೂಗಾಡಿದ. ಪೆಲೆಟ್ ಒಣಗಿದೆ, ಬೇರೆ ಏನೋ ಇದೆ, ನೋಡ್ತೀನಿ ಎಂದು ಅತ್ತಿಗೆ ಹೇಳಿದ್ದಕ್ಕೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇನ್ನೊಂದು ಸಲ ನಿಂತರೆ ತಂದವನ ಲಾರಿಗೇ ಹತ್ತಿಸಿ ಕಳಿಸ್ತೇನೆ ಇದನ್ನು" ಎಂದ. ಭಟ್ಟರು ನೆಲ ನೋಡಿದರು. ನನಗೆ ಅಣ್ಣನ ಮೇಲೆ ಸಿಟ್ಟು ಬಂತು, ಆದರೆ ಗಿರಾಕಿಗಳ ಎದುರು ನುಂಗಿಕೊಂಡೆ.

ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಅತ್ತಿಗೆ ಕಾಫಿ ತಂದು ಗಲ್ಲಾದ ಪಕ್ಕ ಕೂತರು.

"ಇದು ಹೋದ್ರೆ ನಾನೂ ಆಫೀಸಿಗೆ ವಾಪಸ್ ಹೋಗ್ತೀನಿ. ಅಲ್ಲಿ ಕೇಳಿದೀನಿ, ಬಾ ಅಂದಿದಾರೆ" ಎಂದರು.

"ಒಂದು ಒಲೆಗೆ ಇಷ್ಟೆಲ್ಲ ಎಂತಕ್ಕೆ ಅತ್ತಿಗೆ?"

"ಒಲೆಗೆ ಅಲ್ಲ. ಇಷ್ಟು ವರ್ಷದಲ್ಲಿ ನಾನು ಹೇಳಿ ನಡೆದಿದ್ದು ಇದೊಂದೇ. ಇದೂ ಆಗಲಿಲ್ಲ ಅಂದ್ರೆ ಅಪ್ಪುರಂ, ಆಮೇಲೆ, ನಾನು ಇಲ್ಲಿ ಯಾಕೆ, ನೀವೇ ಹೇಳಿ."

ಬಾಗಿಲಲ್ಲಿ ಬೀನ್ಸ್ ಸೋಸುತ್ತಿದ್ದ ಅಮ್ಮ ಒಮ್ಮೆ ನಮ್ಮ ಕಡೆ ತಿರುಗಿ ನೋಡಿದಳು. ಅತ್ತಿಗೆ ಕಣ್ಣೀರು ಹಾಕಲಿಲ್ಲ, ಅಣ್ಣನನ್ನು ಬಯ್ಯಲೂ ಇಲ್ಲ. ಕಾಫಿ ಕುಡಿದು, ಲೋಟ ತೊಳೆದಿಟ್ಟು, ನೇರವಾಗಿ ಡಬ್ಬದ ಹತ್ತಿರ ಹೋದರು. ನಾನಾಗಿದ್ದರೆ ಆ ಡಬ್ಬಕ್ಕೆ ಒದ್ದು ಕಾಲು ನೋಯಿಸಿಕೊಂಡಿರುತ್ತಿದ್ದೆ.

ಅಲ್ಲಿ ಅವರು ಮಾಡಿದ್ದನ್ನು ನೋಡಿ ಇವರಿಗೆ ತಲೆ ಕೆಟ್ಟಿತೇ ಎಂದುಕೊಂಡೆ. ಒಂದು ಬೋಗುಣಿಯಲ್ಲಿ ಒಂದಿಷ್ಟು ಪೆಲೆಟ್ ಹಾಕಿ, ಅರಿಶಿನದ ಪುಡಿ ಉದುರಿಸಿ, ಹಳದಿ ಹತ್ತುವ ತನಕ ಕುಲುಕಿದರು. ಡಬ್ಬ ಆಗ ಅರ್ಧಕ್ಕೆ ಇಳಿದಿತ್ತು. ಸ್ವಲ್ಪ ಹಳದಿ ಪೆಲೆಟ್ ನಡುವೆ ಹಾಕಿದರು, ಉಳಿದದ್ದನ್ನು ನಾಲ್ಕೂ ಮೂಲೆಗೆ. ಮೇಲೆ ಎಂದಿನಂತೆ ಹೊಸ ಪೆಲೆಟ್ ಸುರಿದರು. ಬಾಗಿಲಲ್ಲಿ ಕೂತ ಅಮ್ಮ ಅರಿಶಿನ ಕಂಡು ಕೈ ಮುಗಿದಳು. ಸೊಸೆಗೆ ಅಂತೂ ದೇವರ ನೆನಪಾಯಿತಲ್ಲ ಎಂದು ಅವಳಿಗೆ ಸಮಾಧಾನ.

ಭಟ್ಟರಿಗೆ ಅತ್ತಿಗೆ ಒಂದೇ ಮಾತು ಹೇಳಿದರು, ಡಬ್ಬಕ್ಕೆ ಸೌಟಿನಿಂದ ಹೊಡೆಯಬಾರದು. ಪೆಲೆಟ್ ಕಮಾನು ಕಟ್ಟಿದರೆ ಕರೆಯಿರಿ, ನಾನು ಬಂದು ಕೋಲಿನಿಂದ ಬಿಡಿಸುತ್ತೇನೆ ಎಂದರು. ಬೆಂಕಿಯ ಬಟ್ಟಲಿಗೆ ಬೀಳುವುದನ್ನು ಆಗಾಗ ಬಗ್ಗಿ ನೋಡುತ್ತಿದ್ದರು. ನಡುವೆ ಹಾಕಿದ ಹಳದಿ ಅಂದೇ ಬಿತ್ತು. ಮೂಲೆಯ ಹಳದಿ ಮರುದಿನವೂ ಬೀಳಲಿಲ್ಲ, ಅದರ ಮರುದಿನವೂ ಬೀಳಲಿಲ್ಲ. ಗುರುವಾರ ಮಧ್ಯಾಹ್ನ ಪ್ಲಗ್ ಕಿತ್ತು, ಬಳೆ ಮೇಲಕ್ಕೆ ಸರಿಸಿ, ಅತ್ತಿಗೆ ಭುಜದವರೆಗೂ ಕೈಯನ್ನು ಡಬ್ಬದೊಳಗೆ ಇಳಿಸಿದರು. ಹಿಡಿ ತುಂಬ ತೆಗೆದು ನನ್ನ ಅಂಗೈಗೆ ಹಾಕಿದರು. ಹಳದಿ ಪೆಲೆಟ್, ಅದರ ಜೊತೆ ತಣ್ಣಗಿನ ಕಂದು ಹಿಟ್ಟು, ಮುಟ್ಟಿದರೆ ಉಂಡೆ ಕಟ್ಟುವಂಥದ್ದು.

"ನಡುವೆ ಇರೋದು ಮಾತ್ರ ಇಳಿಯುತ್ತೆ. ಮೂಲೇಲಿ ಇರೋದು ಒಲೆ ಬಂದ ದಿನದಿಂದ ಹಾಗೇ ಕೂತಿದೆ. ಮಳೆ ಗಾಳಿ ಕುಡಿದು ಪುಡಿ ಆಗಿದೆ. ಭಟ್ಟರು ಸೌಟಲ್ಲಿ ಹೊಡೀತಾರಲ್ಲ, ಆಗ ಆ ಪುಡಿ ಎಲ್ಲ ಒಟ್ಟಿಗೆ ತಿರುಪಿನ ಮೇಲೆ ಬೀಳುತ್ತೆ. ಅದೇ ಅಡೈಪು" ಎಂದರು. ಅಡೈಪು ಎಂದರೆ ಒಳಗೆ ಕಟ್ಟಿಕೊಳ್ಳುವುದು.

ನಾನು ಆ ಹಳದಿ ತುಂಡುಗಳನ್ನೇ ನೋಡುತ್ತಾ ನಿಂತೆ. ಮಾರಿದವನಿಗೆ ತಿಳಿಯದ್ದು, ನಮಗ್ಯಾರಿಗೂ ಹೊಳೆಯದ್ದು, ಈ ಹೆಂಗಸು ಅಡುಗೆಮನೆಯ ಒಂದು ಚಮಚ ಅರಿಶಿನದಲ್ಲಿ ಹಿಡಿದುಬಿಟ್ಟಿದ್ದರು. ಅದೂ ಗಂಡ ಹತ್ತು ಜನರೆದುರು ಹಂಗಿಸಿದ ಮೇಲೆ, ತಲೆ ತಣ್ಣಗಿಟ್ಟುಕೊಂಡು. ನನಗೆ ಮೆಚ್ಚುಗೆಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮದ್ದು ಸುಲಭವಿತ್ತು. ವಾರಕ್ಕೊಮ್ಮೆ ಡಬ್ಬವನ್ನು ತಳ ಕಾಣುವ ತನಕ ಬರಿದು ಮಾಡಿ, ಮೂಲೆಯ ಪುಡಿ ಬಾಚಿ, ಒಣಬಟ್ಟೆಯಲ್ಲಿ ಒರೆಸಿ, ಹೊಸದು ತುಂಬುವುದು. ಆದರೆ ತಳ ಕಾಣಬಾರದು ಎಂದು ವಿಧಿಸಿದವಳು ಬಾಗಿಲಲ್ಲೇ ಕೂತಿದ್ದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅಮ್ಮ ಇಲ್ಲದಾಗ ಕದ್ದು ಮಾಡಿಬಿಡೋಣ ಎಂದು ನಾನೇ ಪಿಸುಗುಟ್ಟಿದೆ. ಅತ್ತಿಗೆ ಒಪ್ಪಲಿಲ್ಲ.

"ಬೇಡ. ಅವರು ದಿನಾ ಮೊದಲ ಹಿಡಿ ಹಾಕೋ ಡಬ್ಬ ಅದು. ಅವರಿಗೆ ಗೊತ್ತಿಲ್ಲದೆ ಮುಟ್ಟಲ್ಲ. ಒಲೆ ಲಾರಿ ಹತ್ತಿದ್ರೆ ಹತ್ತಲಿ."

ಎಂಥ ಹಟ ಮಾರಾಯ್ರೇ. ತಮ್ಮ ಇಷ್ಟು ವರ್ಷದ ಪಾಡು ಆ ಡಬ್ಬದ ತಳದಲ್ಲಿದೆ, ಆದರೂ ಕದ್ದು ಮುಟ್ಟುವುದಿಲ್ಲ. ಅವರು ನನ್ನ ಅಂಗೈಯಿಂದ ಆ ಪುಡಿಯನ್ನು ತಟ್ಟೆಗೆ ಹಾಕಿಕೊಂಡು ಹೋಗಿ ಅಮ್ಮನ ಮುಂದೆ ನೆಲದ ಮೇಲೆ ಕೂತರು.

"ಅತ್ತೆ, ಡಬ್ಬದ ಮೂಲೆಯಲ್ಲಿ ಹೀಗಾಗಿದೆ. ಪೂರ್ತಿ ತೆಗೆದು ಒರೆಸದೆ ಆಗಲ್ಲ. ನೀವು ಬೇಡ ಅಂದ್ರೆ ಬೇಡ."

ಅಮ್ಮ ಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು ನೋಡಿದಳು. ಅಣ್ಣನೂ ಅಷ್ಟರಲ್ಲಿ ಬಂದು ನಿಂತಿದ್ದ.

"ಬೂಸ್ಟು ಬಂದಿದೆ" ಎಂದಳು ಅಮ್ಮ. "ಅಕ್ಕಿಗೂ ಮಳೆಗಾಲದಲ್ಲಿ ಹೀಗೇ ಹುಳ ಬೀಳ್ತದೆ. ಆಗ ನಾನು ಡಬ್ಬ ಬರಿದು ಮಾಡಿ ಬಿಸಿಲಿಗೆ ಇಡ್ತಿರಲಿಲ್ವಾ. ಮತ್ತೆ ಇದನ್ನು ಇಷ್ಟು ದಿನ ಯಾಕೆ ಮಾಡ್ಲಿಲ್ಲ ನೀವು?"

"ನೀನೇ ಅಲ್ವಾ ತಳ ಕಾಣಬಾರದು ಅಂದದ್ದು" ಎಂದೆ, ಸಿಟ್ಟು ತಡೆಯದೆ.

"ಹೌದು ಹೇಳಿದ್ದೆ. ತೆಗೆಯೋ ಮೊದಲು ಒಂದು ಹಿಡಿ ತೆಗೆದು ಕೈಯಲ್ಲಿ ಇಟ್ಕೊಳ್ಬೇಕು. ಕೈಯಲ್ಲಿ ಉಂಟು ಅಂದ್ರೆ ಮನೆಯಲ್ಲಿ ಉಂಟು. ಗಂಡಸರಿಗೆ ಅದೆಲ್ಲ ಎಲ್ಲಿ ಗೊತ್ತಾಗ್ತದೆ."

ಮೊದಲು ಒಂದು ಹಿಡಿ ಒಳ್ಳೆಯ ಪೆಲೆಟ್ ತರಿಸಿ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿ, ಮಡಿಲಲ್ಲಿ ಹಿಡಿದುಕೊಂಡು ಕೂತಳು. "ಈಗ ತೆಗೀರಿ" ಎಂದಳು. ಭಟ್ಟರು, ನಾನು, ಕೊನೆಗೆ ಅಣ್ಣನೂ ಸೇರಿ ಡಬ್ಬವನ್ನು ಬರಿದು ಮಾಡಿದೆವು. ಮೂಲೆಗಳಿಂದ ಹೊರಬಂದ ಪುಡಿ ಒಂದು ಬಕೆಟ್ ತುಂಬಿತು. ಅಣ್ಣ ಬಕೆಟನ್ನು ನೋಡಿದ, ಹೆಂಡತಿಯನ್ನು ನೋಡಿದ. ತಾನೇ ಒಣಬಟ್ಟೆ ತೆಗೆದುಕೊಂಡು ಡಬ್ಬದೊಳಗೆ ಬಗ್ಗಿ ತಳ ಒರೆಸಿದ. ಅಣ್ಣನಿಂದ ಅದಕ್ಕಿಂತ ದೊಡ್ಡ ಕ್ಷಮೆಯನ್ನು ನಾನು ಈವರೆಗೆ ಕಂಡಿಲ್ಲ.

ಎಲ್ಲ ಒಣಗಿದ ಮೇಲೆ ಅಮ್ಮ ಕುರ್ಚಿಯಿಂದ ಎದ್ದು ಬಂದಳು. ಸೆರಗಿನ ಗಂಟು ಬಿಚ್ಚಿದಳು. ಎಂದಿನಂತೆ ತಾನೇ ಹಾಕುತ್ತಾಳೆ ಎಂದುಕೊಂಡೆವು. ಅವಳು ಆ ಹಿಡಿಯನ್ನು ಅತ್ತಿಗೆಯ ಕೈಗೆ ಸುರಿದಳು.

"ನೀನು ಹಾಕು. ನಾಳೆ ಬೆಳಗ್ಗೆಯಿಂದಲೂ ನೀನೇ."

ಅತ್ತಿಗೆ ಎರಡೂ ಕೈಯಲ್ಲಿ ಆ ಪೆಲೆಟ್ ಹಿಡಿದುಕೊಂಡು ಹೋಗಿ ಡಬ್ಬಕ್ಕೆ ಹಾಕಿದರು. ಮೇಲಿನಿಂದ ಭಟ್ಟರು ಮೂಟೆ ಸುರಿದರು. ಅತ್ತಿಗೆ ಪ್ಲಗ್ ಸಿಕ್ಕಿಸಿ, ಬೆಂಕಿ ಹಚ್ಚಿ, ಸ್ವಿಚ್ ಒತ್ತಿದರು. ಕರಕರ ಸದ್ದು ಶುರುವಾಯಿತು. ಭಟ್ಟರು ಅಭ್ಯಾಸಬಲದಿಂದ ಸೌಟು ಎತ್ತಿದವರು ಅತ್ತಿಗೆಯ ಮುಖ ನೋಡಿ ಕೆಳಗಿಟ್ಟರು. ನಾಳೆಗೆ ಎಂಥ ಸಾಂಬಾರು ಮಾಡುದು ಎಂದು ಅವರನ್ನೇ ಕೇಳಿದರು.

ಸಂಜೆ ಮಹಡಿ ಹತ್ತಲು ಅಮ್ಮನಿಗೆ ಕೈ ಕೊಟ್ಟೆ. ಅರ್ಧ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡು, ಸೆರಗಿಗೆ ಅಂಟಿದ ಹೊಟ್ಟನ್ನು ಕೊಡವುತ್ತಾ ಕೇಳಿದಳು, "ಆಫೀಸಿನವರಿಗೆ ಬರುದಿಲ್ಲ ಅಂತ ಹೇಳಿದ್ಲಾ ಅವಳು?"