ಎರವಲು ಮೂಗು

ಅಕ್ಕನ ಮಗಳು ರಚನಾ ಮೊನ್ನೆ ಬಂದವಳು ಬ್ಯಾಗಿನಿಂದ ಕಿರುಬೆರಳಿನಷ್ಟು ಸಣ್ಣ ಸೀಸೆಯೊಂದನ್ನು ತೆಗೆದು ನನ್ನ ಮುಂದಿಟ್ಟಳು. ಸುಗಂಧದ ವಸ್ತುಗಳನ್ನು ತಯಾರಿಸುವ ಕಂಪನಿಯಲ್ಲಿ ಅವಳಿಗೆ ಕೆಲಸ.

"ಮೂಸಿ ನೋಡಿ ಮಾವ, ವೆನಿಲ್ಲಾ. ಬಳ್ಳಿ ಇಲ್ಲ, ಕೋಡಿಲ್ಲ. ಟ್ಯಾಂಕಲ್ಲಿ ಯೀಸ್ಟಿಗೆ ಸಕ್ಕರೆ ಕೊಟ್ಟು ಹುಳಿ ಬರಿಸ್ತೀವಿ, ಅದೇ ಪರಿಮಳ ಮಾಡಿ ಕೊಡತ್ತೆ. ಇದಕ್ಕೋಸ್ಕರ ಕಾಡು ಕಡಿಯೋದೂ ಬೇಡ, ಕಚ್ಚಾ ಎಣ್ಣೆಯಿಂದ ತೆಗೆಯೋದೂ ಬೇಡ. ಹೇಗಿದೆ ಹೇಳಿ."

ಮುಚ್ಚಳ ತೆಗೆದೆ. ಗಿರಿಜತ್ತೆ ಬಂದು ಎದುರಿಗೆ ನಿಂತ ಹಾಗಾಯಿತು. "ಸ್ವಲ್ಪ ತಡಿ" ಎಂದೆ. ಆ ಸ್ವಲ್ಪ ಹೊತ್ತಿನಲ್ಲಿ ನೆನಪಾದದ್ದನ್ನು ನಿಮಗೆ ಹೇಳಿಬಿಡುತ್ತೇನೆ, ಅವಳಿಗೆ ಹೇಳಲಾಗಲಿಲ್ಲ.

ಗಿರಿಜತ್ತೆ ಅಪ್ಪಯ್ಯನ ತಂಗಿ. ಮದುವೆಯಾದ ಮೂರನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಕಳಸದ ಹತ್ತಿರದ ನಮ್ಮ ಮನೆಗೇ ವಾಪಸು ಬಂದವರು. ಅಡುಗೆಯಲ್ಲಿ ಅಷ್ಟಕ್ಕಷ್ಟೆ. ಅವರು ಮಾಡಿದ ಉಪ್ಪಿಟ್ಟನ್ನು ನಮ್ಮ ನಾಯಿ ಕೂಡ ಯೋಚನೆ ಮಾಡಿಯೇ ತಿನ್ನುತ್ತಿತ್ತು. ಆದರೆ ಅವರ ಮೂಗು ಸುತ್ತಲಿನ ಎಸ್ಟೇಟುಗಳಲ್ಲೆಲ್ಲ ಹೆಸರುವಾಸಿ. ಕಾಫಿ ಹಣ್ಣಿನ ಸಿಪ್ಪೆ ತೆಗೆದ ಮೇಲೆ ಬೀಜವನ್ನು ತೊಟ್ಟಿಯಲ್ಲಿ ಹುಳಿ ಬರಲು ಬಿಡುತ್ತಾರಷ್ಟೆ? ಲೋಳೆ ಬಿಟ್ಟ ಕೂಡಲೇ ತೊಳೆಯಬೇಕು. ತಡವಾದರೆ ಬೀಜಕ್ಕೆ ಕೆಟ್ಟ ನಾತ ಹಿಡಿದು, ತೊಳೆದು ಒಣಗಿಸಿ ಮಾರುವ ಪಾರ್ಚ್‌ಮೆಂಟ್ ಕಾಫಿ ಇಡೀ ಹಾಳು. ಮೇಸ್ತ್ರಿ ತಿಮ್ಮಪ್ಪ ಎಂಥ ಅನುಭವಸ್ಥನಾದರೂ, "ಅಮ್ಮೋರು ಒಂದ್ಸಲ ಮೂಸ್ಲಿ" ಎಂದು ಕಾಯುತ್ತಿದ್ದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದು, ತೊಟ್ಟಿಗೆ ಬಗ್ಗಿ, ಒಂದು ಹಿಡಿ ಬೀಜ ತೆಗೆದು ಉಜ್ಜಿ, "ಇನ್ನೆರಡು ಗಂಟೆ" ಎನ್ನುವರು. ಅಪ್ಪಯ್ಯ ಅದಕ್ಕೆ ಎದುರು ಮಾತಾಡಿದ್ದನ್ನು ನಾನು ನೋಡಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ಎಲ್ಲರಿಗೂ ವೆನಿಲ್ಲಾ ಹುಚ್ಚು ಹಿಡಿಯಿತು. ನಮ್ಮ ಮನೆಯ ಹಿಂದಿನ ಹಾಲುವಾಣದ ಮರಗಳಿಗೂ ಬಳ್ಳಿ ಹಬ್ಬಿತು. ಬೆಳಗಿನ ಹೊತ್ತು ಒಂದೊಂದೇ ಹೂವಿಗೆ ಕಡ್ಡಿಯಿಂದ ಪರಾಗ ಮುಟ್ಟಿಸಿ ಕೋಡು ಕಟ್ಟಿಸಿದವರು ಅತ್ತೆ. ಹಸಿ ಕೋಡಿಗೆ ಪರಿಮಳವೇ ಇರುವುದಿಲ್ಲ, ಗೊತ್ತೇ? ಬಿಸಿ ನೀರಲ್ಲಿ ಅದ್ದಿ, ಉಣ್ಣೆ ಕಂಬಳಿಯಲ್ಲಿ ಸುತ್ತಿ ಬೆವರಿಸಿ, ವಾರಗಟ್ಟಲೆ ಬಿಸಿಲು ನೆರಳು ಕಾಣಿಸಿದರೆ ಆಮೇಲೆ ಬರುತ್ತದೆ. ಬಿ.ಎಸ್ಸಿ. ಮಾಡಿ ತೋಟ ಸೇರಿದ್ದ ನಾನು ಥರ್ಮಾಮೀಟರ್ ಹಿಡಿದು ವಿಜ್ಞಾನಿಯ ಗತ್ತಿನಲ್ಲಿ ಓಡಾಡಿದೆ. ಕಂಬಳಿ ಬೇಕೆಂದಾಗ ಅಟ್ಟದ ಟ್ರಂಕಿನಿಂದ ತಂದುಕೊಟ್ಟವನೂ ನಾನೇ. ಮಳೆಗಾಲದಲ್ಲಿ ಹುಳು ತಿನ್ನದಿರಲೆಂದು ಅದರ ಮಡಿಕೆಗಳಲ್ಲಿ ಹಿಡಿಗಟ್ಟಲೆ ನುಸಿಗುಳಿಗೆ ಹಾಕಿಡುವುದು ನಮ್ಮ ಕಡೆಯ ರೂಢಿ. ಥರ್ಮಾಮೀಟರಿನ ಗದ್ದಲದಲ್ಲಿ ನನಗೆ ಅದು ಹೊಳೆಯಲೇ ಇಲ್ಲ.

ಎರಡು ದಿನ ಬಿಟ್ಟು, ಕಂಬಳಿ ಸುತ್ತಿದ ಕೋಡುಗಳನ್ನು ಇಟ್ಟಿದ್ದ ಪೆಟ್ಟಿಗೆ ತೆರೆದಾಗ ಜಗಲಿಯಲ್ಲಿದ್ದ ಅಪ್ಪಯ್ಯ, "ಇದೇನೋ ಜವಳಿ ಅಂಗಡಿ ವಾಸನೆ!" ಎಂದು ಮೂಗು ಮುಚ್ಚಿಕೊಂಡರು. ಅತ್ತೆ ಮಾತ್ರ ಒಂದು ಕೋಡನ್ನು ಮೂಗಿಗೆ ಹಿಡಿದು, ಹಸನ್ಮುಖಿಯಾಗಿ, "ಚೆನ್ನಾಗಿ ಬಂದಿದೆ" ಎಂದರು.

ಅಪ್ಪಯ್ಯ ಅತ್ತೆಯ ಮುಖ ನೋಡಿದರು. ನಾನು ನಡುವೆ ಬಾಯಿ ಹಾಕಿ, ಅತ್ತೆಗೆ ನೆಗಡಿ, ತಪ್ಪೆಲ್ಲ ನನ್ನದು ಎಂದು ಬೈಗುಳ ತಿಂದೆ. ತಪ್ಪು ನನ್ನದೇ ಆಗಿತ್ತು, ನೆಗಡಿಯಷ್ಟೇ ಸುಳ್ಳು.

ಸಂಜೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಕೇಳಿದೆ, "ಯಾವಾಗಿಂದ ಅತ್ತೆ?"

"ಆರು ವರ್ಷ ಆಯ್ತು ಮಾರಾಯ. ಆ ಜ್ವರ ಬಂದಿತ್ತಲ್ಲ, ಅದರ ಜೊತೆಗೇ ಹೋಯ್ತು."

"ಮತ್ತೆ ಕಾಫಿ?"

ಒಂದು ಹಿಡಿ ಬೀಜ ತೆಗೆದು ನನ್ನ ಅಂಗೈಗೆ ಹಾಕಿ, ತಮ್ಮ ಬೆರಳಿಂದ ನನ್ನ ಬೆರಳನ್ನು ಒತ್ತಿ ಉಜ್ಜಿಸಿದರು. "ಜಾರ್ತದೆ ಅಲ್ವಾ? ಹದ ಬಂದ್ರೆ ಮರಳಿನ ಹಾಗೆ ಕರಕರ ಅಂತದೆ. ಬಗ್ಗಿ ಮೂಸೋದು ಜನಕ್ಕೆ ತೋರಿಸ್ಲಿಕ್ಕೆ." ಆಮೇಲೆ ತಗ್ಗಿದ ದನಿಯಲ್ಲಿ, "ಯಾರಿಗೂ ಹೇಳ್ಬೇಡ. ಮೂಗೂ ಇಲ್ಲ ಅಂದ್ರೆ ಈ ಮನೇಲಿ ನಾನು ಯಾರು? ಅಣ್ಣನ ಅನ್ನ ತಿನ್ನೋಳು, ಅಷ್ಟೇ" ಎಂದರು.



ಅಂದಿನಿಂದ ವೆನಿಲ್ಲಾಕ್ಕೆ ನಾನು ಮೂಗು, ಅವರು ಕೈ. ಕೋಡನ್ನು ಬೆರಳಿಗೆ ಸುತ್ತಿ ಹದ ನೋಡುವರು, ನಾನು ಮೂಸಿ ಪಿಸುಗುಟ್ಟುವೆ. ಬರೀ "ಚೆನ್ನಾಗಿದೆ" ಅಂದರೆ ಬಿಡುತ್ತಿರಲಿಲ್ಲ. "ಯಾವ ಥರ ಚೆನ್ನಾಗಿದೆ?" ಒಣದ್ರಾಕ್ಷಿ ಥರ, ಬೆಲ್ಲ ಕಾಯಿಸುವಾಗಿನ ಥರ, ಹೊಸ ಬೀರುವಿನ ಮರದ ಥರ ಎಂದು ಹುಡುಕಿ ಹುಡುಕಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುವರು. ಅಕ್ಕಪಕ್ಕದವರೂ ತಮ್ಮ ಕೋಡುಗಳನ್ನು ಅತ್ತೆಗೇ ತಂದು ಒಪ್ಪಿಸತೊಡಗಿದರು. ಅವರ ನಡಿಗೆಯೇ ಬದಲಾಯಿತು.

ಮರುವರ್ಷ ಡಿಸೆಂಬರಿನಲ್ಲಿ ಮೋಡ ಕವಿದು ವಾರವಿಡೀ ಬಿಸಿಲಿಲ್ಲ. ಪಕ್ಕದ ಎಸ್ಟೇಟಿನ ಸುಬ್ಬೇಗೌಡರ ಕೋಡುಗಳಲ್ಲಿ ಸಣ್ಣಗೆ ಮುಗ್ಗಲು ವಾಸನೆ ಬಂದಿತ್ತು. ಅತ್ತೆ ಒಂದು ತಿಂಗಳು ಮಗುವಿನ ಹಾಗೆ ಸುತ್ತಿ ಬಿಚ್ಚಿ ನೋಡಿಕೊಂಡ ಕೋಡುಗಳು. ಎರಡು ಬಿಸಿಲು ಬಿದ್ದರೆ ಹೋಗುತ್ತದೆ ಎಂದುಕೊಂಡು, "ಒಣದ್ರಾಕ್ಷಿ ಥರಾನೇ ಇದೆ" ಎಂದುಬಿಟ್ಟೆ.

ಹದಿನೈದು ದಿನಕ್ಕೆ ಗೌಡರು ಪೆಟ್ಟಿಗೆ ಹೊತ್ತು ತಂದರು. "ಗಿರಿಜಮ್ಮೋರೆ, ನಿಮ್ಮನ್ನ ನಂಬಿ ಕೊಟ್ಟಿದ್ವಿ. ಪೂರ್ತಿ ಮುಗ್ಗಿದೆಯಲ್ರೀ." ಅತ್ತೆ ಎಲ್ಲರೆದುರು, "ನನ್ನ ತಪ್ಪು ಗೌಡ್ರೆ" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವರ ಗುಟ್ಟೂ ಬಯಲಾಗುತ್ತಿತ್ತೆಂದು ಇವತ್ತಿಗೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ.

ಗೌಡರು ಹೋದ ಮೇಲೆ ಅತ್ತೆ ನನಗೆ ಹೇಳಿದರು, "ಬೈಸ್ಕೊಳ್ಳೋದು ನಂಗೆ ಕಷ್ಟ ಅಲ್ಲ. ಇನ್ಮೇಲೆ ನೀನು ಚೆನ್ನಾಗಿದೆ ಅಂದ್ರೆ ನಾನು ಏನಂತ ತಿಳ್ಕೊಳ್ಲಿ?"

ಒಂದು ವರ್ಷಕ್ಕೂ ಮೇಲೆ ಅವರು ನನ್ನನ್ನು ಏನೂ ಕೇಳಲಿಲ್ಲ. ವೆನಿಲ್ಲಾ ಕೇಳುವವರೂ ಇಲ್ಲವಾದರು, ಬಳ್ಳಿಗಳು ಬುಡ ಕೊಳೆತು ಹೋದವು. ಆಮೇಲೊಂದು ಮಾರ್ಚಿನಲ್ಲಿ, ಮೊದಲ ಮಳೆ ಬಿದ್ದು ಎಂಟು ದಿನವಾಗಿತ್ತು. ತೋಟದ ಬೇಲಿಯ ಹತ್ತಿರ ನಿಂತು, "ಕಾಫಿ ಹೂವಿನ ಪರಿಮಳ ಬರ್ತಾ ಇದೆಯಾ?" ಎಂದರು. ಹೌದೆನ್ನಲು ಎಷ್ಟು ಆಸೆಯಾಯಿತು! "ಇನ್ನೂ ಇಲ್ಲ ಅತ್ತೆ. ನಾಳೆ ಬರಬಹುದು" ಎಂದೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, "ಹಾಗಾದ್ರೆ ನಾಳೆ ಹೇಳು" ಎಂದರು. ಹೇಳಿದೆ. ಅವರು ಹೋಗುವವರೆಗೂ ಪ್ರತಿ ವರ್ಷ ಹೇಳಿದೆ.

"ಮಾವ, ನಿದ್ದೆ ಬಂತಾ?" ಎಂದಳು ರಚನಾ.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಇದು ಬರೀ ಸಪ್ಪೆ, ನಮ್ಮ ಅತ್ತೆಯ ಕಂಬಳಿಯಲ್ಲಿ ಬೆವರಿದ್ದರ ಕಾಲ ಧೂಳಿಗೂ ಸಮ ಅಲ್ಲ ಎನ್ನಬೇಕೆಂದು ಮನಸ್ಸು ಕುದಿಯುತ್ತಿತ್ತು. ಇನ್ನೊಂದು ಸಲ ಮೂಸಿದೆ. ಅತ್ತೆ ತಿಂಗಳುಗಟ್ಟಲೆ ಕಾದು ಬರಿಸುತ್ತಿದ್ದ ಅದೇ ಪರಿಮಳವನ್ನು ಕಣ್ಣಿಗೆ ಕಾಣದ ಜೀವಗಳು ಬರಿಸಿಬಿಟ್ಟಿದ್ದವು.

"ಚೆನ್ನಾಗಿದೆ ಕಣೇ. ಬೆಲ್ಲ ಕಾಯಿಸುವಾಗಿನ ಥರ."

"ನಿಜ ಹೇಳ್ತಿದೀರಾ, ನನ್ನ ಖುಷಿಗೆ ಹೇಳ್ತಿದೀರಾ?"

"ನಿಜ" ಎಂದೆ. ಅಷ್ಟು ಹೇಳುವಷ್ಟರಲ್ಲಿ ನನ್ನ ಕಣ್ಣು ತುಂಬಿತ್ತು.