ಹತ್ತೊಂಬತ್ತನೆಯದು ಪೊಟಾಸಿಯಂ

ಅವರ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ಹಳದಿ. ನೈಟ್ರಿಕ್ ಆಸಿಡ್ ತಾಗಿದ ಕಲೆ ಅದು. ಒಂದು ಮಾಸುವಷ್ಟರಲ್ಲಿ ಇನ್ನೊಂದು. ತಮಿಳು ಸೀಮೆಯ ಪೆರಿಯನಾಯಕನಪಾಳ್ಯಂನಲ್ಲಿ ನಾನು ಓದಿದ ಶಾಲೆಯ ಕೆಮಿಸ್ಟ್ರಿ ಲ್ಯಾಬಿಗೆ ಅವರು ಅಟೆಂಡರ್. ಎಂಟನೇ ಕ್ಲಾಸಿಗೆ ಓದು ನಿಂತಿತ್ತು. ಆಮೇಲೆ ಇಪ್ಪತ್ತು ವರ್ಷ ಗಾಜಿನ ಕೊಳವೆ ತೊಳೆಯುತ್ತಲೇ ಲ್ಯಾಬಿನ ಬೀರುವಿನಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದರು. ನಮ್ಮ ಮನೆಯಂತೆ ಅವರ ಮನೆಯಲ್ಲೂ ಕನ್ನಡ; ಹಾಗಾಗಿ ನನಗೆ ಅವರು ಮಾಮ, ಅವರ ಮುದ್ದಿನ ಮಾತಲ್ಲಿ ನಾನು ‘ಕಣ್ಣು’.

ಎಂಬತ್ತರ ದಶಕದ ನಡುವಿನಲ್ಲಿ ನಾನು ಹನ್ನೊಂದನೇ ಕ್ಲಾಸು, ಅಂದರೆ ಪ್ಲಸ್ ಒನ್‌ನಲ್ಲಿದ್ದೆ. ಲ್ಯಾಬಿನ ಗೋಡೆಯ ಧಾತುಗಳ ಚಾರ್ಟಿನಲ್ಲಿ ಆರ್ಗಾನ್ ಪೊಟಾಸಿಯಂಗಿಂತ ಭಾರ, ಆದರೂ ಅದೇ ಮೊದಲು. ಯಾಕೆಂದು ಕೇಳಿದರೆ ನಮ್ಮ ಮೇಷ್ಟ್ರು, "ಇದ್ದ ಹಾಗೇ ಬಾಯಿಪಾಠ ಮಾಡು" ಎಂದರು. ಮಾಮ ಹಾಗೆನ್ನಲಿಲ್ಲ.

"ತೂಕ ಬಿಡು ಕಣ್ಣು. ಪರಮಾಣು ಒಳಗೆ ಪ್ರೋಟಾನ್ ಎಷ್ಟು ಅಂತ ಎಣಿಸು. ಹದಿನೆಂಟಿದ್ರೆ ಆರ್ಗಾನ್, ಹತ್ತೊಂಬತ್ತಿದ್ರೆ ಪೊಟಾಸಿಯಂ. ನ್ಯೂಟ್ರಾನ್ ಜಾಸ್ತಿ ಇದ್ರೆ ಭಾರ ಜಾಸ್ತಿ, ಅಷ್ಟೇ. ಗಣಪತಿ ಊರಿನ ವರ್ಕ್ ಶಾಪಲ್ಲಿ ಮೋಟಾರಿಗೆ ದಪ್ಪ ಬಾಡಿ ಹಾಕ್ತಾರಲ್ಲ, ಅದಕ್ಕೆ ಹಾರ್ಸ್‌ಪವರ್ ಏರ್ತದಾ?"

ಅರೆವಾರ್ಷಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು: ಧಾತುಗಳನ್ನು ಯಾವ ಆಧಾರದ ಮೇಲೆ ಜೋಡಿಸಿದೆ? ಪರಮಾಣು ಸಂಖ್ಯೆ ಎಂದು ಬರೆದೆ, ಆರ್ಗಾನಿನ ಉದಾಹರಣೆಯನ್ನೂ ಕೊಟ್ಟೆ. ಮೇಷ್ಟ್ರು ಕೆಂಪು ಗೀಟು ಹಾಕಿ ಸೊನ್ನೆ ಕೊಟ್ಟರು. ಅವರ ಹಳೆಯ ಗೈಡಿನಲ್ಲಿ ಪರಮಾಣು ತೂಕ ಎಂದಿತ್ತು. ನಾನು ಬಿಡದೆ ವಾದಿಸಿದ್ದಕ್ಕೆ ಹೆಡ್‌ಮಾಸ್ಟರ ಕೋಣೆಗೆ ಎಳೆದೊಯ್ದರು.

ಲ್ಯಾಬಿನ ಬೀಗದ ಕೈ ಕೊಡಲು ಬಂದಿದ್ದ ಮಾಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ತಮಿಳಿನಲ್ಲಿ, ಮೆಲ್ಲಗೆ ಹೇಳಿದರು: "ಈ ಹುಡುಗಿ ಬರೆದಿರೋದು ಸರಿ ಸಾರ್. ಟೆಕ್ಸ್ಟ್ ಬುಕ್ಕಲ್ಲೇ ಇದೆ."

ಹೆಡ್‌ಮಾಸ್ಟರು ಪುಸ್ತಕ ತೆರೆಯಲಿಲ್ಲ. "ಬಾಟಲಿ ತೊಳೆಯೋನು ಮೇಷ್ಟ್ರಿಗೆ ಪಾಠ ಹೇಳ್ತೀಯಾ?" ಎಂದರು.

ಮುಂದಿನ ಸೋಮವಾರ ಮಾಮ ಗೇಟಿನಲ್ಲಿದ್ದರು, ಕಾವಲುಗಾರನ ಖಾಕಿ ಅಂಗಿ ತೊಟ್ಟು. ಲ್ಯಾಬಿಗೆ ಬೇರೆಯವರು ಬಂದರು. ಒಂದು ವಾರದ ಮೇಲೆ ಮೇಷ್ಟ್ರು ಯಾರಿಗೂ ಹೇಳದೆ ಆ ಸೊನ್ನೆಗೆ ಗೀಟು ಹೊಡೆದು ನನ್ನ ಅಂಕ ತಿದ್ದಿದರು. ಅಂದರೆ ಪುಸ್ತಕ ನೋಡಿದ್ದರು. ತಪ್ಪು ಯಾರದೆಂದು ಗೊತ್ತಾದ ಮೇಲೂ ಮಾಮನನ್ನು ಗೇಟಿನಲ್ಲೇ ಬಿಟ್ಟರಲ್ಲ, ಆ ನಾಚಿಕೆಗೇಡುತನ ನೆನೆದರೆ ಈಗಲೂ ಮೈ ಉರಿಯುತ್ತದೆ.

"ನಾನು ಹೋಗಿ ಕೇಳ್ಲಾ ಮಾಮ?" ಎಂದೆ.

"ಬ್ಯಾಡ ಕಣ್ಣು. ಪ್ರಾಕ್ಟಿಕಲ್ ಮಾರ್ಕು ಅವರ ಕೈಲದೆ."

ನಾನು ಕೇಳಲಿಲ್ಲ. ಅವರು ಬೇಡವೆಂದದ್ದು ನನಗೂ ಅನುಕೂಲವೇ ಆಗಿತ್ತು. ಕೆಮಿಸ್ಟ್ರಿಯನ್ನೇ ಮುಂದೆ ಓದಿದೆ, ಅದರಲ್ಲೇ ಕೆಲಸ ಹಿಡಿದೆ. ಅವರು ಗೇಟಿನಲ್ಲೇ ನಿವೃತ್ತರಾದರು.

ಅವರು ತೀರಿಕೊಂಡ ದಿನ ಅದೇ ಹಳೆಯ ಹೆಡ್‌ಮಾಸ್ಟರು ಹಾರ ತಂದಿದ್ದರು. "ಒಳ್ಳೇ ವಾಚ್‌ಮನ್. ಒಂದು ದಿನವೂ ತಡವಾಗಿ ಗೇಟ್ ತೆಗೆದವನಲ್ಲ" ಎಂದು ನೆರೆದವರಿಗೆಲ್ಲ ಹೇಳುತ್ತಿದ್ದರು.

"ವಾಚ್‌ಮನ್ ಅಲ್ಲ ಸಾರ್," ಎಂದೆ, ಎಲ್ಲರಿಗೂ ಕೇಳುವಂತೆ. "ಅವರು ಲ್ಯಾಬಿನವರು. ನನಗೆ ಕೆಮಿಸ್ಟ್ರಿ ಕಲಿಸಿದ್ದು ಅವರು. ಗೇಟಿಗೆ ಹಾಕಿದ್ದು ನೀವು."

ಹೆಡ್‌ಮಾಸ್ಟರಿಗೆ ನನ್ನ ಗುರುತು ಸಿಗಲಿಲ್ಲ. ಮಾಮನ ಹೆಂಡತಿಗೆ ಸಿಕ್ಕಿತು. ಹೆಂಗಸರ ನಡುವೆ ಸ್ವಲ್ಪ ಸರಿದು, ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.